ಧಾರವಾಡದಲ್ಲಿ ಮನೆ: ಮೊದಲು ನೀರು ಕೇಳಿ

ನಿವೃತ್ತರಾದ ಅಪ್ಪ-ಅಮ್ಮನನ್ನು ಬೆಂಗಳೂರಿನಿಂದ ಕರೆತಂದು ಧಾರವಾಡದಲ್ಲಿ ಇರಿಸಬಹುದೇ, ಕಡಿಮೆ ಬಾಡಿಗೆಯ ಶಾಂತ ಬಡಾವಣೆ ಯಾವುದು ಎಂದು ಕೇಳಿದ್ದೀರಿ. ಧಾರಾಳವಾಗಿ ಬನ್ನಿ. ಆದರೆ ಸಪ್ತಾಪುರ ಬೇಡ. ಅಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗ್ ಸೆಂಟರುಗಳು, ಪಿಜಿಗಳು ತುಂಬಿವೆ. ರಾತ್ರಿಯೂ ಬೈಕಿನ ಸದ್ದು. ಮಾಳಮಡ್ಡಿ, ಕಲ್ಯಾಣ ನಗರದ ಒಳ ಓಣಿಗಳನ್ನು ನೋಡಿ. ಮಾಳಮಡ್ಡಿಯಿಂದ ರೈಲು ನಿಲ್ದಾಣ ಹತ್ತಿರ, ಊರಿಗೆ ಹೋಗಿಬರುವ ಹಿರಿಯರಿಗೆ ಅದು ದೊಡ್ಡ ಅನುಕೂಲ.

ನೀರಿನ ವಿಷಯವನ್ನು ಮಾತ್ರ ಲಘುವಾಗಿ ತೆಗೆದುಕೊಳ್ಳಬೇಡಿ. ಮಲಪ್ರಭೆಯ ನೀರು ಹಲವು ಬಡಾವಣೆಗಳಿಗೆ ದಿನವೂ ಬರುವುದಿಲ್ಲ, ಎಷ್ಟೋ ದಿನಕ್ಕೊಮ್ಮೆ ಬಿಡುತ್ತಾರೆ. ನಾವು ಮೊದಲ ಮನೆ ಹಿಡಿದಾಗ ಅಂಗಳದ ಮಾವಿನ ಮರ ನೋಡಿ ಮರುಳಾದೆವು, ಸಂಪು ನೋಡಲಿಲ್ಲ. ಆ ಬೇಸಿಗೆಯಿಡೀ ಅಮ್ಮ ಕೊಡಗಳನ್ನು ಎಣಿಸುತ್ತಲೇ ಕಳೆದರು. ಬಾಡಿಗೆ ಮಾತಾಡುವ ಮೊದಲು ಸಂಪು ಎಷ್ಟು ಲೀಟರ್, ಬೋರ್‌ವೆಲ್ ಇದೆಯೇ ಎಂದು ಕೇಳಿ, ಪಕ್ಕದ ಮನೆಯವರನ್ನೂ ವಿಚಾರಿಸಿ.

ಆಸ್ಪತ್ರೆಗೆ ಸತ್ತೂರಿನ ಎಸ್‌ಡಿಎಂ ಇದೆ, ಚಿಗರಿ ಬಸ್ಸು ಆ ದಾರಿಯಲ್ಲೇ ಹುಬ್ಬಳ್ಳಿಗೆ ಹೋಗುತ್ತದೆ. ಸಂಜೆ ಏಳಕ್ಕೆಲ್ಲ ಓಣಿ ತಣ್ಣಗಾಗುತ್ತದೆ. ಅಪ್ಪನಿಗೆ ಮೊದಲ ತಿಂಗಳು ಬೇಸರವಾಗಬಹುದು; ಆಮೇಲೆ ಕಟ್ಟೆಯ ಮೇಲೆ ಕೂತವರೇ ಹೆಸರು ಹಿಡಿದು ಕರೆಯುತ್ತಾರೆ. ಜುಲೈ ಮಳೆಯಲ್ಲಿ ಒಮ್ಮೆ ಬಂದು ಮನೆ ನೋಡಿ, ಗೋಡೆಯ ತೇವ ಆಗಲೇ ತಿಳಿಯುವುದು.