ಒಬ್ಬನೇ ವೀರ, ಎರಡು ಕಥೆ

"ಮಹಾಕಾವ್ಯದ ನಾಯಕ ಗೆಲ್ಲುತ್ತಾನೆ, ದುರಂತ ನಾಯಕ ಸೋಲುತ್ತಾನೆ. ವ್ಯತ್ಯಾಸ ಇಷ್ಟೇ ಅಲ್ವಾ? ಹಾಗಾದರೆ ರನ್ನನ ದುರ್ಯೋಧನ ಯಾರು?" ಎಂದು ಕೇಳಿದ್ದೀರಿ.

ನಿಮ್ಮ ಎರಡನೇ ಪ್ರಶ್ನೆ ನನಗೆ ತುಂಬಾ ಹಿಡಿಸಿತು. ಮೊದಲನೆಯದನ್ನು ಮಾತ್ರ ಒಪ್ಪಲಾರೆ. ಸೋಲು ಗೆಲುವಿನಿಂದ ಅಳೆಯಲು ಹೊರಟರೆ ಗ್ರೀಕರೊಡನೆ ಕಾದಿದ ಟ್ರಾಯ್‌ನ ರಾಜಕುಮಾರ ಹೆಕ್ಟರ್‌ನನ್ನು ಎಲ್ಲಿ ಕೂರಿಸುವುದು? ಅವನು ಸೋತು ಸಾಯುತ್ತಾನೆ. ಆದರೂ ಗ್ರೀಕ್ ಕವಿ ಹೋಮರ್‌ನ ಮಹಾಕಾವ್ಯ 'ಇಲಿಯಡ್' ಮುಗಿಯುವುದು ಅವನ ಅಂತ್ಯಕ್ರಿಯೆಯಲ್ಲೇ.

ಏಜಾಕ್ಸ್‌ನ ಕಥೆ ಹೇಳುತ್ತೇನೆ. ಈ ಗ್ರೀಕ್ ವೀರ ಮಹಾಕಾವ್ಯದಲ್ಲೂ ಇದ್ದಾನೆ, ದುರಂತ ನಾಟಕದಲ್ಲೂ ಇದ್ದಾನೆ.

ಹೋಮರ್‌ನಲ್ಲಿ ಅವನ ಗುರಾಣಿ ಕೋಟೆಯ ಬುರುಜಿನಷ್ಟು ದೊಡ್ಡದು. ಟ್ರಾಯ್‌ನವರು ಗ್ರೀಕರ ಹಡಗುಗಳಿಗೆ ಬೆಂಕಿಯಿಡಲು ಬಂದಾಗ ಎದುರು ನಿಂತವನು ಅವನು. ಒಮ್ಮೆ ಕಾಳಗದ ಮೇಲೆ ಕತ್ತಲೆ ಕವಿಯುತ್ತದೆ. ಜೀವ ಉಳಿಸು ಎಂದು ಅವನು ದೇವರನ್ನು ಬೇಡುವುದಿಲ್ಲ. ಬೆಳಕು ಕೊಡು, ಕೊಲ್ಲುವುದಾದರೆ ಆ ಬೆಳಕಿನಲ್ಲೇ ಕೊಲ್ಲು ಎನ್ನುತ್ತಾನೆ. ಪ್ರತಿ ಸಲ ಈ ಸಾಲಿಗೆ ಬಂದಾಗ ನಾನು ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತುಬಿಡುತ್ತೇನೆ.

ಈಗ ಗ್ರೀಕ್ ನಾಟಕಕಾರ ಸೊಫೋಕ್ಲಿಸ್‌ನ ದುರಂತ ನಾಟಕಕ್ಕೆ ಬನ್ನಿ. ಗ್ರೀಕರ ಮಹಾವೀರ ಅಖಿಲೀಸ್ ಸತ್ತಿದ್ದಾನೆ. ಅವನ ಕವಚ, ಆಯುಧಗಳು ಇನ್ನೊಬ್ಬ ಗ್ರೀಕ್ ನಾಯಕ ಒಡಿಸ್ಯೂಸ್‌ನ ಪಾಲಾಗಿವೆ. ಏಜಾಕ್ಸ್‌ಗೆ ಈ ಅವಮಾನ ತಡೆಯಲಾಗುವುದಿಲ್ಲ. ರಾತ್ರಿ ಗ್ರೀಕ್ ನಾಯಕರನ್ನೇ ಕೊಲ್ಲಲು ಹೊರಡುತ್ತಾನೆ. ಅಥೀನಾ ದೇವಿ ಅವನಿಗೆ ಮಂಕು ಕವಿಸುತ್ತಾಳೆ. ಅವನು ಕಡಿದು ಹಾಕುವುದು ದನಕುರಿಗಳನ್ನು. ಮಂಕು ಇಳಿದಾಗ ತಾನು ಮಾಡಿದ್ದೆಲ್ಲ ಕಣ್ಣೆದುರೇ ಬಿದ್ದಿರುತ್ತದೆ. ಕೊನೆಗೆ ಕತ್ತಿಯನ್ನು ನೆಲಕ್ಕೆ ನೆಟ್ಟು ಅದರ ಮೇಲೆ ಬೀಳುತ್ತಾನೆ. ಆ ಕತ್ತಿ ಯಾರದು ಗೊತ್ತೇ? 'ಇಲಿಯಡ್'ನಲ್ಲಿ ಇಬ್ಬರೂ ಕತ್ತಲಾಗುವವರೆಗೆ ಕಾದಾಡಿದ ಮೇಲೆ ಹೆಕ್ಟರ್ ಮೆಚ್ಚಿ ಕೊಟ್ಟ ಕತ್ತಿ!

ಮನುಷ್ಯ ಅದೇ, ಅವನ ಹಟವೂ ಅದೇ. ಹಡಗುಗಳ ಮುಂದೆ ಆ ಹಟ ಎಲ್ಲರಿಗೂ ಬೇಕಿತ್ತು. ಕವಚ ಕೈತಪ್ಪಿದ ಮೇಲೆ ಅದೇ ಹಟ ಅವನನ್ನು ತನ್ನವರಿಂದಲೇ ದೂರ ಮಾಡಿತು. ನನಗೆ ಕಾಣುವ ವ್ಯತ್ಯಾಸ ಇಲ್ಲಿದೆ. ಮಹಾಕಾವ್ಯದಲ್ಲಿ ನಾಯಕನ ದೊಡ್ಡ ಗುಣ ಅವನ ಜನಕ್ಕೆ ಆಸರೆ. ದುರಂತದಲ್ಲಿ ಅದೇ ಗುಣ ಅವನನ್ನು ಒಂಟಿ ಮಾಡುತ್ತದೆ. ದುರಂತ ನಾಯಕನ ಪತನಕ್ಕೆ ಅರಿಸ್ಟಾಟಲ್ ಹೇಳುವ ಕಾರಣ 'ಹಮಾರ್ತಿಯ'. ಅದನ್ನು ನಾವು 'ದೋಷ' ಎಂದು ಕಲಿತುಬಿಟ್ಟಿದ್ದೇವೆ. ಅದರ ಮೂಲದಲ್ಲಿರುವುದು ಗುರಿ ತಪ್ಪುವ ಅರ್ಥ. ಬಿಲ್ಲುಗಾರ ಕೆಟ್ಟವನಾಗಬೇಕಿಲ್ಲ.

ಇನ್ನು ದುರ್ಯೋಧನ. ರನ್ನನ 'ಗದಾಯುದ್ಧ'ಕ್ಕೆ ನಾಯಕ ಭೀಮ. ಆದರೆ ಓದುವಾಗ ನಮ್ಮ ಮನಸ್ಸು ಯಾರ ಹಿಂದೆ ಹೋಗುತ್ತದೆ? ಹೆಣಗಳ ನಡುವೆ ನಡೆಯುತ್ತಾ ತನ್ನವರಿಗಾಗಿ ಅಳುವವನ ಹಿಂದೆ. ಶತ್ರುವಿನ ಮಗ ಅಭಿಮನ್ಯುವಿಗೂ ಅವನು ಕೈಮುಗಿಯುತ್ತಾನೆ, ನಿನ್ನಂಥ ಸಾವು ನನಗೂ ಬರಲಿ ಎನ್ನುತ್ತಾನೆ. ಸಂಧಿಯ ಮಾತು ಬಂದಾಗ ಅವನು ಭೀಷ್ಮನಿಗೆ ಹೇಳುವುದು ಇದು: "ನೆಲಕಿರಿವೆನೆಂದು ಬಗೆದಿರೆ? ಛಲಕಿರಿವೆಂ." ನೆಲಕ್ಕಾಗಿ ಹೋರಾಡುತ್ತೇನೆ ಅಂದುಕೊಂಡಿರಾ, ನಾನು ಹೋರಾಡುವುದು ಛಲಕ್ಕಾಗಿ ಎಂದು. ಕರ್ಣನನ್ನು ಕೊಲ್ಲಿಸಿದ ನೆಲದ ಜೊತೆ ತಾನು ಹೇಗೆ ಬಾಳಲಿ ಎಂದು ಕೇಳುತ್ತಾನೆ. ಅವನನ್ನು ದೊಡ್ಡವನನ್ನಾಗಿ ಮಾಡುವುದೂ ಆ ಛಲ, ಮುಗಿಸುವುದೂ ಅದೇ. ಒಂದೇ ಕಾವ್ಯದಲ್ಲಿ ಗೆದ್ದ ವೀರನೂ ಇದ್ದಾನೆ, ದುರಂತ ನಾಯಕನೂ ಇದ್ದಾನೆ.

ಬಿ.ಎಂ.ಶ್ರೀ. ಅವರ 'ಅಶ್ವತ್ಥಾಮನ್' ನಾಟಕ ಸಿಕ್ಕರೆ ಓದಿ. ಸೊಫೋಕ್ಲಿಸ್‌ನ ಏಜಾಕ್ಸ್‌ನನ್ನೇ ಅವರು 1929ರಲ್ಲಿ ಅಶ್ವತ್ಥಾಮನಾಗಿ ಕನ್ನಡಕ್ಕೆ ಕರೆತಂದರು.

ಅಂದಹಾಗೆ, ನಿಮ್ಮ ಪತ್ರದಲ್ಲಿ ಕರ್ಣನ ಮಾತೇ ಬರಲಿಲ್ಲ. ಪಂಪನನ್ನು ಓದಿದ ಮೇಲೆ ಇನ್ನೊಂದು ಪತ್ರ ಬರೆಯಿರಿ, ಕಾಯುತ್ತಿರುತ್ತೇನೆ.

— ಸಂಪಾದಕ