ಬೆಳಗಿನ ಶುಗರ್ ಒಂದನ್ನೇ ನಂಬಬೇಡಿ

ಸ್ಟೆರಾಯ್ಡ್ ಶುರುವಾದ ಪೇಶೆಂಟಿಗೆ ಬೆಳಿಗ್ಗೆ ಶುಗರ್ 104, ಸಂಜೆ 290 ಬರ್ತಿದೆ, ಗ್ಲುಕೋಮೀಟರ್ ಕೆಟ್ಟಿದೆಯಾ, ನರ್ಸ್ ಆಗಿ ಏನು ಗಮನಿಸಬೇಕು ಅಂತ ಕೇಳಿದ್ದೀರಿ. ನಾನು ಮುಂಬೈಯಲ್ಲಿ ಮೆಡಿಕಲ್ ವಾರ್ಡ್ ನರ್ಸ್.

ಮೊದಲು ಪೇಶೆಂಟ್ ಕೈ ತೊಳೆಸಿ ಇನ್ನೊಮ್ಮೆ ನೋಡಿ. ಹಣ್ಣು ಮುಟ್ಟಿದ ಬೆರಳಿನಲ್ಲಿ ಶುಗರ್ ಜಾಸ್ತಿ ತೋರಿಸುತ್ತದೆ. ಆಗಲೂ ಅಷ್ಟೇ ಬಂದರೆ ಬಹುಶಃ ಮೀಟರ್ ಸರಿಯಾಗಿಯೇ ಇದೆ. ಪ್ರೆಡ್ನಿಸೊಲೋನ್ ಅನ್ನೋ ಸ್ಟೆರಾಯ್ಡ್ ಬೆಳಿಗ್ಗೆ ತಿಂಡಿ ಆದ ಮೇಲೆ ಕೊಡ್ತೀವಿ ಅಲ್ವಾ, ಅದು ಶುಗರ್ ಏರಿಸುವುದು ಮಧ್ಯಾಹ್ನದ ನಂತರ. ರಾತ್ರಿ ಕಳೆಯುವಷ್ಟರಲ್ಲಿ ಇಳಿದಿರುತ್ತದೆ. ಹಾಗಾಗಿ ಮಧ್ಯಾಹ್ನ ಊಟವಾಗಿ ಎರಡು ಗಂಟೆ ಕಳೆದ ಮೇಲೆ, ಮತ್ತೆ ರಾತ್ರಿ ಊಟಕ್ಕೆ ಮುಂಚೆ ನೋಡಲೇಬೇಕು. ಇನ್ನೂ ಹೆಚ್ಚು ಹೊತ್ತು ಕೆಲಸ ಮಾಡುವ ಸ್ಟೆರಾಯ್ಡ್ ಡೆಕ್ಸಾಮೆಥಸೋನ್ ಆದರೆ ಬೆಳಗಿನದೂ ಏರಬಹುದು. ಬಾಯಾರಿಕೆ, ಮೂತ್ರದ ಪ್ರಮಾಣ ಬರೆದಿಡಿ. ಸ್ಟೆರಾಯ್ಡ್ ಡೋಸ್ ಇಳಿಸಿದ ದಿನ ಇನ್ಸುಲಿನ್ ಡೋಸ್ ಹಾಗೇ ಉಳಿದಿದ್ದರೆ ಡಾಕ್ಟರನ್ನು ಕೇಳಿ. ಶುಗರ್ ಕುಸಿಯುವುದು ಆಗಲೇ.

ನನಗೆ ಜಾಸ್ತಿ ಭಯ ಕುಸಿಯುವುದರದ್ದೇ. ವಿಜಯಪುರ ಕಡೆಯ ಒಬ್ಬ ಅಜ್ಜಿ, ಡೊಂಬಿವಲಿಯ ಮಗನ ಮನೆಗೆ ಬಂದವರು, ನಮ್ಮ ವಾರ್ಡಿನಲ್ಲಿದ್ದರು. ಶುಗರ್ ಇಳಿಸಲು ಗ್ಲಿಮೆಪಿರೈಡ್ ಮಾತ್ರೆ, ಬಿಪಿಗೆ ಮೆಟೊಪ್ರೊಲಾಲ್, ಕಿಡ್ನಿಯೂ ಸೋತಿತ್ತು. ರಾತ್ರಿ ಊಟ ಮಾಡಿರಲಿಲ್ಲ. 'ಯಾಕೋ ಜೀವಕ್ಕ ಸಮಾಧಾನ ಇಲ್ಲ ತಂಗಿ' ಅಂದರು. ಜೊತೆಯ ನರ್ಸ್‌ಗಳಿಗೆ ಕನ್ನಡ ಬಾರದು, ನಿದ್ದೆ ಬಂದಿಲ್ಲ ಅಂದುಕೊಂಡಿದ್ದರು. ಕೈ ನಡುಗುತ್ತಿರಲಿಲ್ಲ, ಪಲ್ಸ್ 72. ಆದರೆ ಕುಪ್ಪಸದ ಕುತ್ತಿಗೆ ಒದ್ದೆ. ಶುಗರ್ ನೋಡಿದರೆ 46!

ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ ನಡುಕ, ಎದೆಬಡಿತ ಎರಡನ್ನೂ ಮುಚ್ಚಿಬಿಡುತ್ತದೆ. ಬೆವರನ್ನು ಮುಚ್ಚುವುದಿಲ್ಲ. ಅದಕ್ಕೇ ಹಣೆ, ಕುತ್ತಿಗೆ ಮುಟ್ಟಿ ನೋಡಿ.

70ಕ್ಕಿಂತ ಕಡಿಮೆ ಇದ್ದು ಎಚ್ಚರವಿದ್ದರೆ 15 ಗ್ರಾಂ ಗ್ಲುಕೋಸ್ ಪುಡಿ ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ. ಮಂಪರಿದ್ದರೆ ಬಾಯಿಗೆ ಏನೂ ಹಾಕಬೇಡಿ. ತಕ್ಷಣ ಡಾಕ್ಟರನ್ನು ಕರೆಯಿರಿ, ರಕ್ತನಾಳಕ್ಕೆ ಡೆಕ್ಸ್ಟ್ರೋಸ್ (ಗ್ಲುಕೋಸ್ ದ್ರಾವಣ) ಬೇಕು. ಗ್ಲಿಮೆಪಿರೈಡ್ ತಗೊಂಡವರಲ್ಲಿ ಒಮ್ಮೆ ಸರಿಹೋದರೂ ಮತ್ತೆ ಇಳಿಯಬಹುದು, ಕಿಡ್ನಿ ಸೋತವರಲ್ಲಂತೂ ಇನ್ನೂ ಜಾಸ್ತಿ. ಆ ಅಜ್ಜಿಗೆ ನಸುಕಿನಲ್ಲಿ ಮತ್ತೆ 58ಕ್ಕೆ ಇಳಿದಿತ್ತು.

ಬೇರೆ ಔಷಧಿಗಳನ್ನೂ ಗಮನಿಸಿ. ಲೆವೊಫ್ಲಾಕ್ಸಾಸಿನ್ ಆಂಟಿಬಯಾಟಿಕ್ ಶುಗರನ್ನು ಮೇಲಕ್ಕೂ ಕೆಳಕ್ಕೂ ಎಳೆಯಬಲ್ಲದು. ಮಾನಸಿಕ ಕಾಯಿಲೆಗೆ ಕೊಡುವ ಒಲಾಂಜಪೈನ್ ಏರಿಸಬಹುದು.

ಇನ್ನೊಂದು, ಇನ್ಸುಲಿನ್ ವಯಲ್ (ಬಾಟಲಿ) ಒಂದು ಮಿಲಿಗೆ 40 ಯೂನಿಟ್‌ನದ್ದಾ, 100ರದ್ದಾ ಓದಿ, ಅದಕ್ಕೆ ತಕ್ಕ ಸಿರಿಂಜನ್ನೇ ತಗೊಳ್ಳಿ. 100ರ ವಯಲ್‌ಗೆ 40ರ ಸಿರಿಂಜ್ ಹಾಕಿದರೆ ಎರಡೂವರೆ ಪಟ್ಟು ಹೋಗುತ್ತದೆ.