ಸಂಪಾದಕರ ಉತ್ತರ: ಕಾರ್ಡ್ ನಿಮ್ಮ ಜೇಬಿನಲ್ಲಿ, ಪಟ್ಟಿ ಯಾರ ಕೈಯಲ್ಲಿ?

ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ರಾಷ್ಟ್ರೀಯ ಗುರುತಿನ ಚೀಟಿಗಳ ಬಗ್ಗೆ ಹೋದ ಸಂಚಿಕೆಯಲ್ಲಿ ಬಂದ ಲೇಖನ ಅವರಿಗೆ ಹಿಡಿಸಿಲ್ಲ. ಪತ್ರದ ಸಾರ ಇಷ್ಟು: "ಒಂದೇ ಕಾರ್ಡಿನಲ್ಲಿ ಎಲ್ಲ ಕೆಲಸ ಆಗುವುದಾದರೆ ಅಡ್ಡಗಾಲು ಯಾಕೆ? ಕಳ್ಳರು, ನಕಲಿ ಫಲಾನುಭವಿಗಳು ಹೆದರಲಿ. ನನ್ನಂಥವನಿಗೆ ಮುಚ್ಚಿಡಲು ಏನೂ ಇಲ್ಲ. ಹೇಗೂ ನಮ್ಮ ಮಾಹಿತಿಯೆಲ್ಲ ಮೊಬೈಲ್ ಕಂಪನಿಗಳ ಹತ್ತಿರ ಇದೆ, ಸರ್ಕಾರಕ್ಕೆ ಕೊಡಲು ಏನು ಸಂಕಟ? ಖಾಸಗಿತನ ಹೊಟ್ಟೆ ತುಂಬಿದವರ ಚಿಂತೆ." ಕೊನೆಯ ಸಾಲಿನಲ್ಲಿ ಒಂದು ಕೋರಿಕೆ: "ಪ್ರಕಟಿಸುವುದಾದರೆ ದಯವಿಟ್ಟು ನನ್ನ ಹೆಸರು ಹಾಕಬೇಡಿ."

ಹಾಕಿಲ್ಲ ಸ್ವಾಮಿ. ಯಾಕೆ ಅಂತ ಕೇಳುವುದೂ ಇಲ್ಲ. ಕಚೇರಿಯಲ್ಲಿ ಯಾರಾದರೂ ಆಡಿಕೊಂಡಾರು ಅನ್ನಿಸಿರಬಹುದು, ಮನೆಯಲ್ಲಿ ಜಗಳ ಆದೀತು ಅನ್ನಿಸಿರಬಹುದು, ಸುಮ್ನೆ ಬೇಡ ಅನ್ನಿಸಿರಬಹುದು. ನೀವೇನೋ ತಪ್ಪು ಮಾಡಿದ್ದೀರಿ ಎಂಬ ಅನುಮಾನ ಮಾತ್ರ ನಮಗೆ ಬರಲಿಲ್ಲ. ಸಂಪಾದಕರಿಗೆ ಗೊತ್ತಾದರೆ ಅಡ್ಡಿಯಿಲ್ಲ, ಊರಿಗೆಲ್ಲ ಗೊತ್ತಾಗುವುದು ಬೇಡ. ಖಾಸಗಿತನ ಅಂದರೆ ಇಷ್ಟೇ. ನಾಲ್ಕು ಪುಟ ಅದನ್ನು ಬೈದು, ಕೊನೆಯ ಸಾಲಿನಲ್ಲಿ ನಮ್ಮಿಂದ ಅದನ್ನೇ ಕೇಳಿದ್ದೀರಿ ಅಲ್ವಾ?

ನಿಮ್ಮ ಮಾತಿನಲ್ಲಿ ಹುರುಳೇ ಇಲ್ಲ ಎನ್ನುವುದಿಲ್ಲ. ಜಗತ್ತಿನಲ್ಲಿ ಸುಮಾರು 85 ಕೋಟಿ ಜನರ ಹತ್ತಿರ ಅಧಿಕೃತ ಗುರುತಿನ ದಾಖಲೆಯೇ ಇಲ್ಲ ಎಂದು ವಿಶ್ವಬ್ಯಾಂಕ್ ಅಂದಾಜು ಮಾಡಿತ್ತು. ದಾಖಲೆ ಇಲ್ಲದವರು ಯಾವ ಬಾಗಿಲು ತಟ್ಟಿದರೂ ಅದು ತೆರೆಯುವುದಿಲ್ಲ. ಎಸ್ಟೋನಿಯಾದಂಥ ಪುಟ್ಟ ದೇಶ 2002ರಿಂದ ಚಿಪ್ ಇರುವ ಕಾರ್ಡ್ ನಡೆಸುತ್ತಿದೆ. ತಮ್ಮ ಮಾಹಿತಿಯನ್ನು ಯಾವ ಕಚೇರಿ ನೋಡಿತು ಎಂಬುದನ್ನು ಅಲ್ಲಿನ ಜನ ತಾವೇ ತೆಗೆದು ನೋಡಬಹುದು. 2017ರಲ್ಲಿ ಸುಮಾರು 7.6 ಲಕ್ಷ ಕಾರ್ಡ್‌ಗಳ ಚಿಪ್‌ನಲ್ಲಿ ದೋಷ ಸಿಕ್ಕಾಗ ಸರ್ಕಾರ ಅದನ್ನು ಬಹಿರಂಗವಾಗಿ ಹೇಳಿತು. ಒಳ್ಳೆಯದು. ಎಲ್ಲ ಕಡೆಯೂ ಹೀಗಿದ್ದಿದ್ದರೆ ಈ ಉತ್ತರ ಅರ್ಧ ಪುಟದಲ್ಲಿ ಮುಗಿಯುತ್ತಿತ್ತು.

ನಿಮ್ಮ ಜೇಬಿನಲ್ಲಿರುವ ಕಾರ್ಡಿನ ಮೇಲೆ ನಮಗೆ ಕೋಪವಿಲ್ಲ. ನಮ್ಮ ತಕರಾರೆಲ್ಲ ಅದರ ಹಿಂದೆ ಎಲ್ಲೋ ಕುಳಿತಿರುವ ಪಟ್ಟಿಯ ಮೇಲೆ. ಪಟ್ಟಿ ಬರೆಸಿದವರು ಒಳ್ಳೆಯವರೇ ಇರಬಹುದು. ಅವರು ಹೋಗುತ್ತಾರೆ, ಪಟ್ಟಿ ಅಲ್ಲೇ ಇರುತ್ತದೆ. ಮುಂದೆ ಬರುವವರು ಯಾರು ಅಂತ ಇವತ್ತು ಯಾರಿಗೂ ಗೊತ್ತಿರುವುದಿಲ್ಲ.

ನೆದರ್ಲೆಂಡ್ಸ್‌ನ ಕತೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎರಡನೇ ಮಹಾಯುದ್ಧಕ್ಕೆ ಮೊದಲು ಅಲ್ಲಿನ ಜನಸಂಖ್ಯಾ ದಾಖಲೆಯಷ್ಟು ಅಚ್ಚುಕಟ್ಟಾದ ದಾಖಲೆ ಯುರೋಪಿನಲ್ಲೇ ಅಪರೂಪ. ಕಚೇರಿಯಲ್ಲಿ ಪ್ರತಿಯೊಬ್ಬರ ಹೆಸರಿಗೂ ಒಂದು ಕಾರ್ಡ್. ಅದರಲ್ಲಿ ಧರ್ಮಕ್ಕೂ ಒಂದು ಕಾಲಂ. ಯಾರಿಗೂ ಕೇಡು ಬಗೆಯಲು ಮಾಡಿದ್ದಲ್ಲ, ಆಡಳಿತದ ಅನುಕೂಲಕ್ಕೆ ಮಾಡಿದ್ದು. ಆ ಇಲಾಖೆಯ ಮುಖ್ಯಸ್ಥ ಯಾಕೊಬ್ ಲೆಂಟ್ಸ್ ನಕಲು ಮಾಡಲು ಬಹಳ ಕಷ್ಟವಾದ ಒಂದು ಗುರುತಿನ ಚೀಟಿಯನ್ನೂ ರೂಪಿಸಿದ್ದ. ಡಚ್ ಸರ್ಕಾರ ಬೇಡ ಎಂದಿತು. ಸಭ್ಯ ನಾಗರಿಕರನ್ನೆಲ್ಲ ಅನುಮಾನದಿಂದ ನೋಡಿದಂತಾಗುತ್ತದೆ ಎಂಬುದು ಅದರ ಕಾರಣ. 1940ರ ಮೇ ತಿಂಗಳಲ್ಲಿ ನಾಜಿ ಜರ್ಮನಿಯ ಸೈನ್ಯ ಬಂತು. ಹೊಸ ಯಜಮಾನರಿಗೆ ಲೆಂಟ್ಸ್‌ನ ಗುರುತಿನ ಚೀಟಿ ತುಂಬಾ ಇಷ್ಟವಾಯಿತು. 1941ರಿಂದ ಅದು ಕಡ್ಡಾಯ. ಯಹೂದಿಗಳ ಕಾರ್ಡಿನ ಮೇಲೆ 'ಜೆ' ಎಂಬ ದೊಡ್ಡ ಅಕ್ಷರ. ಅಲ್ಲಿದ್ದ ಸುಮಾರು 1.4 ಲಕ್ಷ ಯಹೂದಿಗಳಲ್ಲಿ 1 ಲಕ್ಷಕ್ಕೂ ಜಾಸ್ತಿ ಜನ ನಾಜಿಗಳ ಕೈಯಲ್ಲಿ ಸತ್ತರು. ನೂರಕ್ಕೆ ಹೆಚ್ಚುಕಡಿಮೆ 75. ಫ್ರಾನ್ಸ್‌ನಲ್ಲಿ ಅದು ಸುಮಾರು 25. ಈ ವ್ಯತ್ಯಾಸಕ್ಕೆ ಚರಿತ್ರೆಕಾರರು ಹಲವು ಕಾರಣ ಕೊಡುತ್ತಾರೆ. ಅಚ್ಚುಕಟ್ಟಾದ ದಾಖಲೆ ಅವುಗಳಲ್ಲಿ ಒಂದು.

1943ರ ಮಾರ್ಚ್ 27ರ ರಾತ್ರಿ ಆಮ್‌ಸ್ಟರ್‌ಡಾಮ್‌ನ ದಾಖಲೆ ಕಚೇರಿಗೆ, ಜರ್ಮನರ ವಿರುದ್ಧ ಗುಟ್ಟಾಗಿ ಹೋರಾಡುತ್ತಿದ್ದ ಡಚ್ ಪ್ರತಿರೋಧದ ಒಂದು ಗುಂಪು ಪೊಲೀಸ್ ವೇಷದಲ್ಲಿ ನುಗ್ಗಿತು. ಮುಂದಾಳು ವಿಲೆಮ್ ಅರೊಂಡೇಯುಸ್ ಎಂಬ ಚಿತ್ರಕಾರ. ಕಾವಲುಗಾರರಿಗೆ ಮಂಪರಿನ ಸೂಜಿ ಚುಚ್ಚಿ ಹೊರಗೆ ಮಲಗಿಸಿದರು, ಕಾರ್ಡ್‌ಗಳನ್ನು ನೆಲಕ್ಕೆ ಸುರಿದು ಬೆಂಕಿ ಹಚ್ಚಿದರು. ಅಗ್ನಿಶಾಮಕದವರು ಬೇಕೆಂದೇ ತಡವಾಗಿ ಬಂದರು. ಬಂದವರು ಬೆಂಕಿ ಆರಿಸಲು ಬೇಕಾದ್ದಕ್ಕಿಂತ ಜಾಸ್ತಿ ನೀರು ಸುರಿದು ಉಳಿದ ಕಾಗದವನ್ನೂ ತೋಯಿಸಿದರು! ಇಷ್ಟೆಲ್ಲ ಮಾಡಿಯೂ ಹಾಳಾದದ್ದು ಸುಮಾರು 15 ಶೇಕಡಾ ಮಾತ್ರ. ಅರೊಂಡೇಯುಸ್ ಸೇರಿ ಹನ್ನೆರಡು ಜನರನ್ನು ಆ ಜುಲೈನಲ್ಲಿ ಗುಂಡಿಟ್ಟು ಕೊಂದರು. ಗುರುತಿನ ಚೀಟಿಗಳ ಕೇಂದ್ರ ದಾಖಲೆ ಹೇಗ್ ನಗರದ ಒಂದು ಬಂಗಲೆಯಲ್ಲಿತ್ತು. ಅದರ ಮೇಲೆ 1944ರ ಏಪ್ರಿಲ್ 11ರಂದು ಬ್ರಿಟಿಷ್ ವಿಮಾನಗಳು ಬಾಂಬು ಹಾಕಬೇಕಾಯಿತು. ಹಾಕಿ ಎಂದು ಕೇಳಿದವರು ಡಚ್ ಪ್ರತಿರೋಧದವರೇ. ಒಳಗೆ ಕೆಲಸ ಮಾಡುತ್ತಿದ್ದ ಹತ್ತಾರು ಜನ ಸತ್ತರು. ತಮ್ಮದೇ ದೇಶದವರು ಅಷ್ಟು ಕಷ್ಟಪಟ್ಟು ಬರೆದ ಪಟ್ಟಿಯನ್ನು ಅಳಿಸಲು ಇಷ್ಟು ಪಾಡು. ಆಗ ಕಾಗದವಾದರೂ ಇತ್ತು. ಈಗ ಒಂದೊಂದು ಪಟ್ಟಿಗೂ ಎಷ್ಟು ಪ್ರತಿ, ಎಲ್ಲೆಲ್ಲಿ?

ಅದು ನಾಜಿಗಳ ಕಾಲ, ಈಗ ಪ್ರಜಾಪ್ರಭುತ್ವ ಎನ್ನುತ್ತೀರಿ. ಬ್ರಿಟನ್ನನ್ನೇ ನೋಡಿ. 1939ರಲ್ಲಿ ಅಲ್ಲಿ ಕಾರ್ಡ್ ತಂದದ್ದು ಮೂರು ಕಾರಣಕ್ಕೆ: ಸೈನ್ಯಕ್ಕೆ ಸೇರಿಸುವುದು, ದೇಶದ ಭದ್ರತೆ, ಪಡಿತರ. ಯುದ್ಧ ಮುಗಿದರೂ ಕಾರ್ಡ್ ಮುಗಿಯಲಿಲ್ಲ. 1950ರ ಹೊತ್ತಿಗೆ ಆ ದಾಖಲೆಯನ್ನು 39 ಸರ್ಕಾರಿ ಸಂಸ್ಥೆಗಳು ಬಳಸುತ್ತಿದ್ದವು. ಆ ವರ್ಷದ ಡಿಸೆಂಬರ್‌ನಲ್ಲಿ ಕ್ಲಾರೆನ್ಸ್ ವಿಲ್‌ಕಾಕ್ ಎಂಬಾತನ ಕಾರನ್ನು ಲಂಡನ್ನಿನಲ್ಲಿ ಪೊಲೀಸರು ತಡೆದು ಕಾರ್ಡ್ ಕೇಳಿದರು. ತೋರಿಸಲ್ಲ ಎಂದ. ಕೋರ್ಟಿನಲ್ಲಿ ಸೋತ, ಆದರೆ ಶಿಕ್ಷೆ ಏನೂ ಆಗಲಿಲ್ಲ. ಯುದ್ಧಕ್ಕೆಂದು ಮಾಡಿದ ಕಾನೂನನ್ನು ಹೀಗೆ ಕಂಡಕಂಡಲ್ಲಿ ಬಳಸಿದರೆ ಕಾನೂನು ಪಾಲಿಸುವವರೂ ಪೊಲೀಸರ ವೈರಿಗಳಾಗುತ್ತಾರೆ ಎಂದು ಮುಖ್ಯ ನ್ಯಾಯಮೂರ್ತಿ ಗೊಡಾರ್ಡ್ ಗದರಿದರು. 1952ರಲ್ಲಿ ಕಾರ್ಡ್ ರದ್ದಾಯಿತು. ನಮಗೆ ಈ ವಿಲ್‌ಕಾಕ್ ಮೇಲೆ ತುಂಬ ಪ್ರೀತಿ. ಬಟ್ಟೆ ಒಗೆಯುವ ವ್ಯವಹಾರ ನೋಡಿಕೊಳ್ಳುತ್ತಿದ್ದ ಮನುಷ್ಯ. ಮುಚ್ಚಿಡಲು ಅವನ ಹತ್ತಿರವೂ ಏನೂ ಇರಲಿಲ್ಲ.

ರುವಾಂಡಾ ಗೊತ್ತಲ್ಲ. ಬೆಲ್ಜಿಯಂ ಆಡಳಿತದಲ್ಲಿ ಕಾರ್ಡಿನ ಮೇಲೆ ಹುಟು, ಟುಟ್ಸಿ ಎಂದು ಜನಾಂಗದ ಹೆಸರು ಬರೆಸಿದರು. 1994ರಲ್ಲಿ ರಸ್ತೆಗಳನ್ನು ಅಡ್ಡಗಟ್ಟಿ ನಿಂತವರು ಆ ಸಾಲನ್ನು ಓದಿ ಟುಟ್ಸಿಗಳನ್ನು ಕೊಲ್ಲುತ್ತಿದ್ದರು. ಇಷ್ಟು ಸಾಕು, ಹೆಚ್ಚು ಬರೆಯಲು ಮನಸ್ಸಿಲ್ಲ.

ಇನ್ನು ಮೊಬೈಲ್ ಕಂಪನಿಗಳು. ಅವರಿಗೆ ಕೊಟ್ಟಿದ್ದೇವೆ, ನಿಜ. ಅದು ದೂರು ಹೇಳಬೇಕಾದ ಸಂಗತಿ. ನೀವು ಅದನ್ನೇ ಸಮಾಧಾನ ಮಾಡಿಕೊಂಡಿದ್ದೀರಿ. ಕಂಪನಿ ನಿಮಗೆ ಏನೋ ಮಾರಲು ನೋಡುತ್ತದೆ, ಸರ್ಕಾರ ನಿಮ್ಮನ್ನು ಜೈಲಿಗೇ ಹಾಕಬಲ್ಲದು. ಇಬ್ಬರ ನಡುವೆ ಗೋಡೆ ಇದೆ ಅಂದುಕೊಂಡಿದ್ದರೆ, ಅಮೆರಿಕದ ಬೇಹುಗಾರಿಕೆ ಸಂಸ್ಥೆಗೆ ಕೆಲಸ ಮಾಡುತ್ತಿದ್ದ ಎಡ್ವರ್ಡ್ ಸ್ನೋಡೆನ್ 2013ರಲ್ಲಿ ಹೊರಗೆ ತಂದ ಕಾಗದಗಳು ಆ ಭ್ರಮೆ ಬಿಡಿಸಿದವು. ಸರ್ಕಾರದ ಕಪಾಟು ಭದ್ರ ಎಂಬ ಮಾತೂ ಬೇಡ. 2015ರಲ್ಲಿ ಅಮೆರಿಕದ ಸರ್ಕಾರಿ ನೌಕರರ ದಾಖಲೆ ಕಚೇರಿಯಿಂದ 2.15 ಕೋಟಿ ಜನರ ಮಾಹಿತಿ ಕಳವಾದದ್ದು ಬಯಲಾಯಿತು. ಅದರಲ್ಲಿ 56 ಲಕ್ಷ ಜನರ ಬೆರಳಚ್ಚೂ ಇತ್ತು. ಪಾಸ್‌ವರ್ಡ್ ಹೋದರೆ ಹೊಸದು ಹಾಕಿಕೊಳ್ಳಬಹುದು. ಬೆರಳಿಗೆ ಏನು ಮಾಡುತ್ತೀರಿ?

ಹೊಟ್ಟೆ ತುಂಬಿದವರ ಚಿಂತೆ ಎಂಬ ಮಾತು ಮಾತ್ರ ನಮಗೆ ನಿಜಕ್ಕೂ ನೋವು ತಂದಿತು. ಕಾರ್ಡ್ ತೋರಿಸು ಎಂದು ಬೀದಿಯಲ್ಲಿ ಯಾರನ್ನು ನಿಲ್ಲಿಸುತ್ತಾರೆ ಹೇಳಿ? ದಕ್ಷಿಣ ಆಫ್ರಿಕಾದಲ್ಲಿ ಪಾಸ್ ಪುಸ್ತಕ, ಅಂದರೆ ಓಡಾಟದ ಪರವಾನಗಿ, ಹೊತ್ತು ತಿರುಗಬೇಕಾಗಿದ್ದವರು ಕರಿಯರು. ಅದನ್ನು ಧಿಕ್ಕರಿಸಿ 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನ ಪೊಲೀಸ್ ಠಾಣೆ ಮುಂದೆ ಸೇರಿದಾಗ ಗುಂಡು ಹಾರಿತು. 69 ಜನ ಸತ್ತರು. ಅವರ ಹೊಟ್ಟೆ ತುಂಬಿತ್ತೇ? ಖಾಸಗಿತನ ಉಳ್ಳವರ ಮಾತು, ಬಡವರಿಗೆ ಮೊದಲು ಸವಲತ್ತು ಬೇಕು ಎಂಬ ವಾದ ಭಾರತದ ಸುಪ್ರೀಂ ಕೋರ್ಟ್ ಮುಂದೆಯೂ ಬಂದಿತ್ತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿದರು. ಉಳ್ಳವರ ಮಾತು ಎಂಬ ವಾದ ನಿಲ್ಲಲಿಲ್ಲ. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಜರ್ಮನಿಯ ಸಂವಿಧಾನ ನ್ಯಾಯಾಲಯ 1983ರ ಡಿಸೆಂಬರ್‌ನಲ್ಲಿ ಜನಗಣತಿಯ ಮೊಕದ್ದಮೆಯೊಂದರಲ್ಲಿ ಇದನ್ನು ಇನ್ನೂ ಚೆನ್ನಾಗಿ ಹೇಳಿತ್ತು. ಸಭೆಗೆ ಹೋದದ್ದು ಎಲ್ಲೋ ದಾಖಲಾಗುತ್ತದೆ ಎಂದು ಗೊತ್ತಾದರೆ ಮನುಷ್ಯ ಸಭೆಗೇ ಹೋಗದೆ ಉಳಿಯಬಹುದು ಎಂದಿತು. ಯಾರೂ ತಡೆಯಬೇಕಾಗಿಲ್ಲ, ತಾನಾಗಿಯೇ ಹಿಂದೆ ಸರಿಯುತ್ತಾನೆ. ಪತ್ರಿಕೆ ನಡೆಸುವವರಿಗೆ ಇದು ಬೇಗ ಅರ್ಥವಾಗುತ್ತದೆ. ಕಟುವಾದ ಪತ್ರಗಳಿಗೆ ಹೆಸರು ಬೇಡ ಎಂದು ಕೇಳುವವರು ಈಗೀಗ ಜಾಸ್ತಿ.

ಮಾತು ಎತ್ತಿದ್ದೀರಿ, ಹೊಟ್ಟೆಯಲ್ಲಿರುವುದನ್ನೆಲ್ಲ ಹೇಳಿಬಿಡುತ್ತೇವೆ. ಈಗ ಯಾವುದಕ್ಕೆ ಗುರುತಿನ ಚೀಟಿಯ ನಕಲು ಕೇಳುವುದಿಲ್ಲ? ಗ್ರಂಥಾಲಯಕ್ಕೆ ಸೇರಲು, ಒಂದು ರಾತ್ರಿ ತಂಗಲು, ಯಾರನ್ನೋ ನೋಡಲು ಒಳಗೆ ಹೋಗಲು. ಯಾಕೆ ಎಂದರೆ "ರೂಲ್ಸ್ ಸರ್" ಎನ್ನುತ್ತಾರೆ. ಯಾವ ರೂಲ್ಸ್ ಎಂದು ಕೇಳಿದರೆ ಹಿಂದೆ ನಿಂತವರು ನಮ್ಮನ್ನೇ ದುರುಗುಟ್ಟಿ ನೋಡುತ್ತಾರೆ. ಒಮ್ಮೆ ಒಂದು ಕಚೇರಿಯಲ್ಲಿ ಚೀಟಿ ಬರೆದುಕೊಟ್ಟರು. ತಿರುಗಿಸಿದರೆ ಹಿಂಬದಿಯಲ್ಲಿ ಯಾರೋ ಹೆಣ್ಣುಮಗಳ ಗುರುತಿನ ಚೀಟಿಯ ನಕಲು. ಫೋಟೊ, ವಿಳಾಸ, ಹುಟ್ಟಿದ ದಿನ ಎಲ್ಲ ಇತ್ತು. ಕಾಗದ ಪೋಲಾಗಬಾರದಲ್ಲ! ಅದೇ ಕಚೇರಿಗೆ ಹೋಗಿ ನೀವು ನಿಮ್ಮದೇ ಅರ್ಜಿ ಏನಾಯಿತು ಎಂದು ಕೇಳಿ ನೋಡಿ. ಕಡತ ಸಿಗುತ್ತಿಲ್ಲ, ಸಾಹೇಬರು ಇಲ್ಲ, ಹಾಗೆಲ್ಲ ಹೇಳಲು ಬರುವುದಿಲ್ಲ. ನಾವು ಗಾಜಿನ ಮನೆಯಲ್ಲಿರಬೇಕು, ಅವರ ಕಿಟಕಿಗೆ ಮಾತ್ರ ಪರದೆ.

ನಮ್ಮ ಕಸುಬಿನವರೂ ಕಮ್ಮಿಯಿಲ್ಲ. ಅಪಘಾತದಲ್ಲಿ ಸತ್ತವರ ಮನೆ ವಿಳಾಸ ಅಚ್ಚು ಹಾಕುವುದು ಯಾವ ಸುದ್ದಿ? ಚಂದಾದಾರರ ಪಟ್ಟಿ ಮಾರುತ್ತೀರಾ ಎಂದು ನಮ್ಮಲ್ಲಿಗೆ ಬಂದು ಕೇಳಿದವರಿದ್ದಾರೆ. ಹೆಸರು, ವಿಳಾಸ, ವಯಸ್ಸು ಬೇಕಂತೆ. ಓದುಗರ ವಯಸ್ಸು ನಮಗೇ ಗೊತ್ತಿಲ್ಲ, ನಾವು ಕೇಳುವುದೇ ಇಲ್ಲ ಎಂದಾಗ ಅವರು ನಂಬಲಿಲ್ಲ. ಹಾಗಾದರೆ ವ್ಯವಹಾರ ಹೇಗೆ ನಡೆಸುತ್ತೀರಿ ಎಂದು ಕನಿಕರಪಟ್ಟು ಹೋದರು.

ಕೊನೆಗೆ ನಿಮಗಷ್ಟೇ ಸಂಬಂಧಿಸಿದ ವಿಷಯ. ಪತ್ರದ ಜೊತೆ ನಿಮ್ಮ ಗುರುತಿನ ಚೀಟಿಯ ನಕಲನ್ನೂ ಪಿನ್ ಮಾಡಿ ಕಳಿಸಿದ್ದೀರಿ, ಎರಡೂ ಬದಿ. 'ನಾನು ಅಸಲಿ ಓದುಗ ಎಂಬುದಕ್ಕೆ' ಎಂದು ಪಕ್ಕದಲ್ಲಿ ಬರೆದಿದ್ದೀರಿ. ನಾವು ಕೇಳಿರಲಿಲ್ಲ. ಚೂರು ಚೂರು ಮಾಡಿ ಎಸೆದಿದ್ದೇವೆ. ಮುಂದಿನ ಸಲ ಪತ್ರ ಮಾತ್ರ ಕಳಿಸಿ. ಇನ್ನೂ ನಾಲ್ಕು ಪುಟ ಬೈದರೂ ಪೂರ್ತಿ ಓದುತ್ತೇವೆ.

— ಸಂಪಾದಕ